ಕಾಡಿಗೆಯ ಗೆರೆ

ಮಲ್ಪೆಯಲ್ಲಿ ಹಿಮ ಬೀಳತೊಡಗಿ ಇದು ಹನ್ನೊಂದನೆಯ ಚಳಿಗಾಲ. ಊರವರು ಬೆಳಗೆದ್ದು ಮೊದಲು ಬಾವಿಯ ಮಂಜುಗಡ್ಡೆ ಒಡೆಯುತ್ತಾರೆ, ಆಮೇಲೆ ತೆಂಗಿನ ಸುಳಿ ಎಳೆದು ನೋಡುತ್ತಾರೆ. ಸುಳಿ ಕಿತ್ತು ಕೈಗೆ ಬಂದರೆ ಮರ ಸತ್ತಿತೆಂದೇ ಲೆಕ್ಕ. ಕಡಿದು ಒಲೆಗೆ ಹಾಕುತ್ತಾರೆ.

ಜಲಜಕ್ಕ ಐದು ವರ್ಷ ಸಾಕಿದ ಹೈಬ್ರಿಡ್ ತೆಂಗಿನ ಸುಳಿ ಹೋದ ವಾರ ಕೈಗೆ ಬಂದಿತ್ತು. ಮನೆಯಲ್ಲಿ ಉಳಿದದ್ದು ಅದೊಂದೇ ಮರ. ಕೊಳೆತದ್ದನ್ನೆಲ್ಲ ಅವಳು ಬಿಳಿ ತಿರುಳು ಕಾಣುವವರೆಗೆ ಕೆತ್ತಿ ತೆಗೆದಳು. ತಿರುಳಿಗೂ ಪಕ್ಕದ ಗರಿಯ ಬುಡಕ್ಕೂ ಸೇರಿಸಿ ಕಾಡಿಗೆಯಲ್ಲಿ ಒಂದು ಅಡ್ಡಗೆರೆ ಎಳೆದು, ತಾನು ಹೊದೆಯುವ ಕಂಬಳಿಯನ್ನೇ ಸುತ್ತಿದ್ದಳು.

"ಇವತ್ತಿಗೆ ಎಂಟು ದಿನ ಆಯ್ತು ಮಾರಾಯ್ತಿ. ಸತ್ತದ್ದಕ್ಕೆ ಇನ್ನೆಷ್ಟು ಚಾಕರಿ ಮಾಡ್ತಿ?" ಗರಗಸ ಹಿಡಿದು ನಿಂತ ಗಂಡ ಶೀನ ಕೇಳಿದ.

"ಸತ್ತದ್ದು ಅಂತ ಮರವೇ ಹೇಳಲಿ," ಎಂದು ಅವಳು ಏಣಿ ಹತ್ತಿ ಕಂಬಳಿ ಬಿಚ್ಚಿದಳು.

ಗರಿಯ ಮೇಲಿನ ಗೆರೆ ಇದ್ದಲ್ಲೇ ಇತ್ತು. ತಿರುಳಿನ ಗೆರೆ ಅದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು.

ಜಲಜಕ್ಕ ಕೆಳಗಿಳಿಯಲಿಲ್ಲ.

"ಗರಗಸ ಒಳಗಿಡಿ," ಎಂದಳು. "ಬರುವಾಗ ನಿಮ್ಮ ಕಂಬಳಿಯನ್ನೂ ತನ್ನಿ."