ಕೆಂಪು ದಾರ

"ಅತ್ತೆ, ಒಂದು ಕಾಯಿನೂ ಹಾಳಾಗೋಕೆ ಬಿಡ್ಲಿಲ್ಲ!" ಕರ್ಟಿಸ್ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ. ಹಂದಿಮಾಂಸದ ತುಂಡಿನ ಜೊತೆ ಬೀನ್ಸ್ ಕಾಳು ಕೊತಕೊತ ಬೇಯುತ್ತಿತ್ತು. "ರಾತ್ರಿ ಹಿಮ ಬೀಳುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರು. ಬಳ್ಳೀಲಿದ್ದಿದ್ದನ್ನೆಲ್ಲ ಸಂಜೇನೇ ಕಿತ್ತುಬಿಟ್ಟೆ. ಎಳೇವನ್ನ ಹೆಚ್ಚಿ ಫ್ರೀಜರಿಗೆ ಹಾಕಿದೀನಿ. ನೀವು ಕೆಲವು ಕಾಯಿಗೆ ಕೆಂಪು ದಾರ ಕಟ್ಟಿದ್ದು ಒಳ್ಳೇದಾಯ್ತು ನೋಡಿ, ಅವನ್ನೆಲ್ಲ ಸುಲಿದು ಬೇಯೋಕಿಟ್ಟೆ. ಏನು ದಪ್ಪ ಕಾಳು ಅಂತೀರಿ!"

ಕಣ್ಣಿನ ಆಪರೇಷನ್ ಮುಗಿಸಿ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ವರ್ಲೀನ್ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು.

"ದಾರ ಕಟ್ಟಿದ್ದು ತಿನ್ನೋಕಲ್ಲ ಕಣಪ್ಪಾ, ತಿನ್ನಬಾರ್ದು ಅಂತ!"

"ಮತ್ತೆ... ಚೆನ್ನಾಗಿರೋದಕ್ಕೇ ಕಟ್ಟಿದ್ರಲ್ಲ?"

"ಚೆನ್ನಾಗಿರೋದನ್ನೇ ಬೀಜಕ್ಕೆ ಬಿಡೋದು! ಸೊಟ್ಟದ್ದು ಸೊರಗಿದ್ದು ನಾವು ತಿನ್ನಬೇಕು, ಒಳ್ಳೇದು ಮಣ್ಣಿಗೆ. ಅಲ್ಲಾಡಿಸಿದ್ರೆ ಗಲಗಲ ಅನ್ನೋವರೆಗೂ ಬಳ್ಳೀಲೇ ಒಣಗಬೇಕು ಅದು. ಅಯ್ಯೋ ದೇವರೇ! ಕೋಳಿ ನೋಡ್ಕೋ, ನಾಯಿ ನೋಡ್ಕೋ ಅಂದಿದ್ದೆ. ಹಿತ್ತಲ ಕಡೆ ತಲೆ ಹಾಕು ಅಂತ ಯಾರು ಹೇಳಿದ್ರು ನಿಂಗೆ?"

"ಅಂಗಡೀಲಿ ಬೀಜ ಸಿಗಲ್ವಾ ಅತ್ತೆ?"

ವರ್ಲೀನ್ ಹಣೆ ಹಣೆ ಚಚ್ಚಿಕೊಂಡಳು. ಕೆಂಟಕಿಯ ಈ ಬೆಟ್ಟಕ್ಕೆ ಮದುವೆಯಾಗಿ ಬಂದಾಗ ಅವಳ ತಾಯಿ ಏಪ್ರನ್ನಿನ ಜೇಬಿನಲ್ಲಿ ತಂದಿದ್ದ ಕಾಳು ಅದು. ಯಾವ ಅಂಗಡಿಯವನೂ ಅದರ ಮುಖ ಕಂಡಿಲ್ಲ. ಈ ವರ್ಷ ಮೊದಲು ಬಿತ್ತಿದ್ದು ಚಳಿಗೆ ಸುಟ್ಟುಹೋಗಿ, ಡಬ್ಬಿಯ ತಳದಲ್ಲಿದ್ದುದನ್ನೂ ಬಳಿದು ಮತ್ತೆ ಬಿತ್ತಿದ್ದಳು. ಎದ್ದು ಹಿತ್ತಲಿಗೆ ಓಡಿದಳು. ಅಳಿಯನ ಕಣ್ಣಿಗೆ ಬೀಳದೆ ಉಳಿದಿದ್ದ ನಾಲ್ಕು ಎಳೆ ಕಾಯಿ ಹಿಮಕ್ಕೆ ಕಪ್ಪಾಗಿ ಜೋತಾಡುತ್ತಿದ್ದವು. ತಾಯಿಯ ಕಾಳೆಂದು ಉಳಿದಿದ್ದು ಇನ್ನು ಆ ಪಾತ್ರೆಯಲ್ಲಿ ಬೆಂದದ್ದಷ್ಟೇ.

ಅಥವಾ, ಬೇಲಿಯಾಚೆ. ಪಕ್ಕದ ಮನೆಯ ಓಪಲ್ ಹಿಂದೆ ಎಷ್ಟು ಸಲ ಬೇಡಿದ್ದಳೋ, ಅಷ್ಟು ಸಲವೂ 'ಮನೆ ಬೀಜ ಮನೆ ದಾಟಬಾರದು' ಎಂದು ವರ್ಲೀನ್ ಒಂದು ಕಾಳನ್ನೂ ಕೊಟ್ಟಿರಲಿಲ್ಲ. ಆಮೇಲೆ ಪ್ರತಿ ವರ್ಷ ದಾರ ಕಟ್ಟಿದ ಕಾಯಿಗಳಲ್ಲಿ ಎರಡೋ ಮೂರೋ ಮಾಯವಾಗತೊಡಗಿದವು. ಓಪಲ್‌ಳ ಹಿತ್ತಲಲ್ಲಿ ಅಂಥದ್ದೇ ಬಳ್ಳಿ ಹಬ್ಬತೊಡಗಿತು. ಕೇಳಿದರೆ, "ನಿನ್ನ ಕಾಯಿ ಜಿಂಕೆ ತಿಂದಿರ್ಬೇಕು" ಎಂದಿದ್ದಳು. ದಾರ ಕಟ್ಟಿದ್ದನ್ನೇ ಆರಿಸಿಕೊಂಡು ತಿನ್ನುವ ಜಿಂಕೆಯಂತೆ! ಅವತ್ತು ಬಿಟ್ಟ ಮಾತು, ವರ್ಷಗಳಾದರೂ ಮತ್ತೆ ಶುರುವಾಗಿರಲಿಲ್ಲ.

ಕಣ್ಣಿನ ಪಟ್ಟಿಯನ್ನೂ ಬಿಚ್ಚದೆ ವರ್ಲೀನ್ ಹೋಗಿ ಓಪಲ್‌ಳ ಬಾಗಿಲು ಬಡಿದಳು.

"ಓಪಲ್, ನೀನು ನನ್ನ ಕಾಯಿ ಕದ್ದಿದ್ದು ನಿಜ ತಾನೇ?"

"ಶುರು ಹಚ್ಕೊಂಡ್ಯಾ ಮತ್ತೆ? ಆಪರೇಷನ್ ಮಾಡಿದ್ದು ಕಣ್ಣಿಗೋ, ತಲೆಗೋ?"

"ಜಗಳಕ್ಕೆ ಬಂದಿಲ್ಲ ಕಣೇ. ಕದ್ದೆ ಅಂತ ಒಂದ್ಸಲ ಹೇಳಿಬಿಡು, ನಿನ್ನ ಕಾಲಿಗೆ ಬೀಳ್ತೀನಿ."

"ನಾನ್ಯಾಕೆ ಕದೀಲಿ? ಅದು ಟೆನೆಸೀಲಿದ್ದ ನಮ್ಮ ಯಜಮಾನರ ಚಿಕ್ಕಮ್ಮ ಕೊಟ್ಟಿದ್ದು."

"ಕರ್ಟಿಸ್ ಬೇಯಿಸಿಬಿಟ್ಟ ಕಣೇ, ಅಮ್ಮನ ಕಾಳನ್ನ."

ಓಪಲ್ ಬಾಗಿಲ ಚಿಲಕ ಬಿಟ್ಟಳು. "ಬೀಜಕ್ಕೆ ಬಿಟ್ಟಿದ್ದನ್ನಾ?"

"ಅದನ್ನೇ. ಹಂದಿಮಾಂಸ ಹಾಕಿ."

"ಅವನ ಮನೆ ಹಾಳಾಗ!"

"ಆ ಮನೇಲಿ ನನ್ನ ಮಗಳಿದಾಳೆ, ಸುಮ್ನಿರೇ. ನಿನ್ನ ಕಾಳು ಟೆನೆಸೀದೇ ಆಗಿದ್ರೆ ನಮ್ಮಮ್ಮನ ಕಾಳು ಈ ಭೂಮಿ ಮೇಲೇ ಇಲ್ಲ. ಈಗಲಾದ್ರೂ ನಿಜ ಹೇಳು. ಕದ್ದಿದ್ದೆ ತಾನೇ?"

"ಇಲ್ಲ," ಎಂದಳು ಓಪಲ್. ಇಂಥ ಹೆಂಗಸನ್ನು ಏನು ಮಾಡುವುದು! ಒಳಗೆ ಹೋದವಳು ಒಂದು ಗಾಜಿನ ಜಾಡಿ ಹೊತ್ತು ಬಂದಳು. ಅರ್ಧಕ್ಕಿಂತ ಹೆಚ್ಚು ಕಾಳು, ಕಂದು ಬಣ್ಣದ್ದು, ಚೆನ್ನಾಗಿ ಒಣಗಿದ್ದು. "ನಾನು ಕಳ್ಳಿ ಅಲ್ಲ. ಇದು ಟೆನೆಸೀದೇ. ಬೇಕಾದ್ರೆ ತಗೊಂಡು ಹೋಗಿ ಬಿತ್ಕೋ. ಬೀಜ ಅನ್ನೋದನ್ನ ಒಂದೇ ಮನೇಲಿ ಇಟ್ಕೋಬೇಡ ಅಂತ ಆಗಲೇ ಬಡ್ಕೊಂಡಿದ್ದೆ. ಕೇಳಿದ್ಯಾ ನೀನು?"

ವರ್ಲೀನ್ ಜಾಡಿಯನ್ನು ಒಳ್ಳೆಯ ಕಣ್ಣಿನ ಹತ್ತಿರ ತಂದಳು. ಕಂದು ಕಾಳು ಊರಲ್ಲಿ ಎಷ್ಟೋ ಇರುತ್ತವೆ, ನೋಡಿ ಹೇಳುವುದು ಹೇಗೆ? ಅವಳ ದೃಷ್ಟಿ ಜಾಡಿಯ ಬಾಯಿಗೆ ಹೋಯಿತು. ಬಾಯಿಗೆ ಹೊದಿಸಿದ್ದ ಬಟ್ಟೆಯನ್ನು ಕೆಂಪು ಉಲ್ಲನ್ ದಾರದಿಂದ ಬಿಗಿಯಲಾಗಿತ್ತು. ಒಂದೇ ದಾರವಲ್ಲ, ಬೆರಳುದ್ದದ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ ಜೋಡಿಸಿದ್ದು. ತೀರಿಹೋದ ಗಂಡನ ಸ್ವೆಟರ್ ಬಿಚ್ಚಿ, ಪ್ರತಿ ವರ್ಷ ತಾನೇ ಬೆರಳಿಗೆ ಅಳೆದು ಕತ್ತರಿಸುತ್ತಿದ್ದ ತುಂಡುಗಳು! ಈ ಬೆಟ್ಟದ ಹೆಂಗಸರು ಒಂದು ಎಳೆ ದಾರವನ್ನೂ ಬಿಸಾಡುವವರಲ್ಲ.

ಹೋದ ಜೀವ ಬಂದಂತಾಯಿತು. ವರ್ಲೀನ್ ಜಾಡಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ಬೇಲಿ ದಾಟುವಷ್ಟರಲ್ಲಿ ಹಿಂದಿನಿಂದ ಓಪಲ್ ಕೂಗಿದಳು.

"ಏ ವರ್ಲೀನ್! ಕಾಳು ಇಟ್ಕೋ. ದಾರ ಮಾತ್ರ ವಾಪಸ್ ತಂದ್ಕೊಡು, ಅದು ನಂದು!"

ವರ್ಲೀನ್ ಹಲ್ಲು ಕಚ್ಚಿ ನಿಂತಳು. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು.

"ಹೌದು ಕಣೇ ತಾಯಿ," ಎಂದಳು, "ನಿಂದೇ."