ಬ್ರಹ್ಮರಾಕ್ಷಸನ ಬಾಗಿಲು

ಒಬ್ಬರು ಕತೆ ಹೇಳಿದರೆ ಉಳಿದವರು ದಾಳ ಉರುಳಿಸಿ ಆಡುವ ಸಾಹಸದಾಟಕ್ಕೆಂದು ಪ್ರಫುಲ್ಲಾ ಹಳೆಯ ಇಂಗ್ಲಿಷ್ ಪುಸ್ತಕವೊಂದರಿಂದ ಕತೆ ಹುಡುಕಿ ಒಗ್ಗಿಸಿಕೊಂಡಿದ್ದಳು. ಡ್ರ್ಯಾಗನ್ ಹೋಗಿ ಬ್ರಹ್ಮರಾಕ್ಷಸ ಬಂದ. ಅವನ ಕೋಟೆಗೆ, ಹಿತ್ತಲೊಂದನ್ನು ಬಿಟ್ಟು, ಗುಟ್ಟಾಗಿ ತನ್ನ ಮನೆಯ ನಕ್ಷೆಯನ್ನೇ ಹಾಕಿದಳು. ಹೋದ ವಾರ ಯಾರೋ ಬೀಗ ಒಡೆಯದೆ ಆ ಮನೆಯೊಳಗೆಲ್ಲ ಓಡಾಡಿ ಹೋದಮೇಲೆ ಅವಳಿಗೆ ಅದಕ್ಕಿಂತ ಭಯದ ಜಾಗ ಇನ್ನೊಂದಿರಲಿಲ್ಲ.

"ಮೂರು ಮೆಟ್ಟಿಲು, ಹಸಿರು ಬಾಗಿಲು, ದೊಡ್ಡ ಬೀಗ. ಒಳಗೆ ಯಾರೋ ಉಸಿರಾಡ್ತಿದಾರೆ," ಎಂದಳು. "ಏನ್ಮಾಡ್ತೀರಾ?"

"ಅಮ್ಮಾ, ನಂಗೆ ಎದೆ ಹೊಡ್ಕೋತಿದೆ! ಕೊಡಲಿ ತಗೊಂಡು ಬೀಗ ಒಡೀತೀನಿ," ಎಂದು ಗೆಳತಿ ದಾಳ ಎತ್ತಿಕೊಂಡಳು.

ಅಂದೇ ಮೊದಲ ಸಲ ಆಡಲು ಬಂದಿದ್ದವನು ಪ್ರಫುಲ್ಲಾಳನ್ನೇ ನೋಡುತ್ತ ಮೆಲ್ಲಗೆ ನಕ್ಕ.

"ಒಡೆಯೋದ್ಯಾಕೆ? ಕೀ ಹಿತ್ತಲಲ್ಲಿ, ಒರಳುಕಲ್ಲಿನ ಕೆಳಗಿದೆಯಲ್ಲ."