ಏಣಿ ಇಟ್ಟು ಬಂದ ಮಧ್ಯಾಹ್ನ

ಒಣಗಿದ ಕೊಬ್ಬರಿಯ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಕೊಬ್ಬರಿಯಾಗಲೆಂದು ನಮ್ಮೂರಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಡುತ್ತಿದ್ದರು. ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ನೀರು ಇಂಗಿತೋ ಇಲ್ಲವೋ ಎಂದು ಹೇಳುವುದು ಅಜ್ಜಿಯ ಕೆಲಸ. ಯುಗಾದಿ ಹೊತ್ತಿಗೆ ಒಮ್ಮೆ ಅವಳ ಕಾಲು ಜಾರಿತ್ತು. "ಇನ್ನು ಅಟ್ಟ ಹತ್ತಬ್ಯಾಡ ಕಣವ್ವಾ" ಎಂದು ಅಪ್ಪ ಏಣಿಯನ್ನು ಹಿತ್ತಲ ಕೊಟ್ಟಿಗೆಗೆ ಸಾಗಿಸಿದ್ದರು.

ಆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. "ಏಣಿ ತಗಂಡ್ ಬಾರೇ, ಒಂದೇ ಗಳಿಗೆ" ಎಂದಳು ಅಜ್ಜಿ. ನಾನೇ ಎಳೆದು ತಂದೆ, ನಾನೇ ಹಿಡಿದುಕೊಂಡೆ. ಅವಳು ಹತ್ತಿ, ಕಾಯಿಗಳನ್ನು ಅಲ್ಲಾಡಿಸಿ ನೋಡಿ, ಒಂದನ್ನು ಕಂಕುಳಲ್ಲಿಟ್ಟುಕೊಂಡು ಇಳಿದಳು. ಕೊನೆಯ ಮೆಟ್ಟಿಲು ಕಾಲಿಗೆ ಸಿಗಲಿಲ್ಲ. ಬಿದ್ದದ್ದು ಗೇಣೆತ್ತರದಿಂದ. ಒಣಗಿದ ತೆಂಗಿನ ಗರಿ ಲಟಕ್ಕನೆ ಮುರಿದಂಥ ಸದ್ದು ಬಂತು.

ಕೂಗಲು ಬಾಯಿ ತೆರೆದೆ.

"ಕೂಗಬ್ಯಾಡ ಕಣೇ, ನಿಮ್ಮಪ್ಪ ಬೈತಾನೆ. ಮೊದ್ಲು ಏಣಿ ಇಟ್ಬುಟ್ಟು ಬಾ."

ಇಟ್ಟು ಬಂದೆ. ನೆಲದ ಮೇಲೆ ಅವಳ ಬಲಗಾಲು ಗಿಡ್ಡವಾದಂತೆ ಕಾಣುತ್ತಿತ್ತು. ಪಾದ ಗೋಡೆಯ ಕಡೆ ಹೊರಳಿಕೊಂಡಿತ್ತು. ನೆಟ್ಟಗೆ ಮಾಡೋಣವೆಂದು ಮುಟ್ಟಿದೆ. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆ ಪಾದ ನನ್ನ ಕಣ್ಣಿಗೆ ಬೀಳದಿರಲೆಂದು ಚಾದರ ಹೊದಿಸಿ, ಪಕ್ಕದಲ್ಲಿ ಕೂತೆ.

ಅಂಗಳದಲ್ಲಿ ಅಪ್ಪನ ಸೈಕಲ್ ನಿಂತಿತು. "ನಮ್ಮವ್ವ ಎಲ್ಲೇ?"

ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದಳು.

"ಮಲಗವ್ರೆ" ಎಂದೆ.